ಹೆಸರೊಂದೇ, ಲೆನ್ಸು ಬೇರೆ: 70-200ರ ಯಾವ ಆವೃತ್ತಿ ಯಾರಿಗೆ?

ಅಕ್ಟೋಬರ್ ಕೊನೆಯ ಪತ್ತಾಮುದಯ ಕಳೆದರೆ ಕಾಸರಗೋಡಿನ ತರವಾಡುಗಳಲ್ಲಿ ತೆಯ್ಯಂ ಶುರು. ದೀಪಾವಳಿಯ ಆಸುಪಾಸಿನಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟುತ್ತವೆ, ಪೈವಳಿಕೆಯಲ್ಲಿ ಕಂಬಳ ಬರುತ್ತದೆ, ಮೇ ಕೊನೆಯ ಪತ್ತನಾಜೆಯವರೆಗೆ ಯಾವುದಾದರೊಂದು ಅಂಗಳದಲ್ಲಿ ಕೋಲವೋ ಆಟವೋ ಇದ್ದೇ ಇರುತ್ತದೆ. ಇದಕ್ಕೆ ಮುಂಚಿನ ವಾರಗಳಲ್ಲಿ ಕ್ಯಾಮೆರಾ ಇದ್ದವರೆಲ್ಲ ಹುಡುಕುವ ವಸ್ತು ಒಂದೇ: ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೋ ಜೂಮ್ ಲೆನ್ಸ್.

ಈಗ ಹುಡುಕಿದರೆ ಸಿಗುವುದೂ ಹೆಚ್ಚು. ಮದುವೆ ಫೋಟೋ ತೆಗೆಯುವವರು ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಬಿಟ್ಟು ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಹೋಗುತ್ತಿದ್ದಾರೆ. ಅವರು ಮಾರಿದ ಲೆನ್ಸುಗಳು ಮಂಗಳೂರಿನಲ್ಲೂ ಕಣ್ಣೂರಿನಲ್ಲೂ ಸೆಕೆಂಡ್ ಹ್ಯಾಂಡ್ ಆಗಿ ಸಿಗುತ್ತಿವೆ. ತೊಡಕು ಶುರುವಾಗುವುದೂ ಇಲ್ಲೇ. "70-200 ಇದೆಯಾ?" ಎಂದು ಕೇಳಿದರೆ ಅಂಗಡಿಯವರು ನಾಲ್ಕು ಲೆನ್ಸ್ ತೆಗೆದು ಮೇಜಿನ ಮೇಲಿಡುತ್ತಾರೆ. ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ಹೆಸರು, ಬೆಲೆ ಮಾತ್ರ ಒಂದರದ್ದು ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ, ಅದರಲ್ಲಿ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂಬುದನ್ನು ಬುಡದಿಂದ ನೋಡೋಣ.

ಲೆನ್ಸಿನ ಮೇಲಿನ ಬರಹ ಓದುವುದು

ಕ್ಯಾನನ್ ಲೆನ್ಸೊಂದರ ಮೇಲೆ "ಇಎಫ್ 70-200 ಎಂಎಂ ಎಫ್/2.8 ಎಲ್ ಐಎಸ್ 2 ಯುಎಸ್‌ಎಂ" ಎಂದು ಬರೆದಿದೆ ಎನ್ನಿ. "ಇಎಫ್" ಎಂಬುದು ಯಾವ ಜಾತಿಯ ಕ್ಯಾಮೆರಾಕ್ಕೆ ಕೂರುತ್ತದೆ ಎಂಬ ಗುರುತು. 70-200 ಎಂಬುದು ಫೋಕಲ್ ಲೆಂಗ್ತ್, ಎಂದರೆ ಎಷ್ಟು ಹತ್ತಿರ ಎಳೆದು ತೋರಿಸುತ್ತದೆ ಎಂಬ ಅಳತೆ. ಎಫ್/2.8 ಎಂಬುದು ಲೆನ್ಸಿನ ಕಂಡಿ ಎಷ್ಟು ದೊಡ್ಡದಾಗಿ ತೆರೆಯುತ್ತದೆ ಎಂದು ಹೇಳುತ್ತದೆ, ಇದೇ ಅಪರ್ಚರ್. "ಎಲ್" ಕ್ಯಾನನ್‌ನ ಮೇಲ್ದರ್ಜೆಯ ಸಾಲು, ಕೆಂಪು ಉಂಗುರದ್ದು. "ಐಎಸ್" ಎಂದರೆ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ. ಇದನ್ನೇ ನಿಕಾನ್ "ವಿಆರ್" ಎಂದೂ ಟ್ಯಾಮ್ರಾನ್ "ವಿಸಿ" ಎಂದೂ ಸಿಗ್ಮಾ "ಓಎಸ್" ಎಂದೂ ಕರೆಯುತ್ತವೆ. ಅದರ ನಂತರದ ಅಂಕಿ (ಲೆನ್ಸಿನ ಮೇಲೆ ರೋಮನ್‌ನಲ್ಲಿ II ಎಂದಿರುತ್ತದೆ) ಎಷ್ಟನೆಯ ಆವೃತ್ತಿ ಎಂದು ತಿಳಿಸುತ್ತದೆ. ಮೊದಲ ಆವೃತ್ತಿಯ ಮೇಲೆ ಯಾವ ಅಂಕಿಯೂ ಇರುವುದಿಲ್ಲ. "ಯುಎಸ್‌ಎಂ" ಫೋಕಸ್ ಮಾಡುವ ಮೋಟರಿನ ಬಗೆ.

ಇಷ್ಟರಲ್ಲಿ ಬೆಲೆಯನ್ನು ಹೆಚ್ಚು ಏರಿಸುವುದು ಎರಡು: ಎಫ್ ಸಂಖ್ಯೆ ಮತ್ತು ಐಎಸ್. ಕೊಳ್ಳುವವರು ಎಡವುವುದೂ ಇವೆರಡರಲ್ಲೇ. ಹಾಗಾಗಿ ಆವೃತ್ತಿಯ ಅಂಕಿಗಿಂತ ಮೊದಲು ಇವನ್ನು ಅರ್ಥಮಾಡಿಕೊಳ್ಳಬೇಕು.

ಎಫ್ ಸಂಖ್ಯೆ: ಬೆಳಕಿನ ಲೆಕ್ಕ

ಮಳೆಗೆ ಅಂಗಳದಲ್ಲಿ ಒಂದು ತಂಬಿಗೆ, ಒಂದು ಬಾನಿ ಇಟ್ಟರೆ ಅದೇ ಐದು ನಿಮಿಷದಲ್ಲಿ ಬಾನಿಗೆ ಬೀಳುವ ನೀರು ಎಷ್ಟೋ ಪಾಲು ಹೆಚ್ಚು. ಲೆನ್ಸಿನ ಕಂಡಿಗೂ ಬೆಳಕಿಗೂ ಇರುವ ಸಂಬಂಧ ಇಂಥದ್ದೇ. ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಕಂಡಿಯ ಅಗಲ ಸಿಗುತ್ತದೆ. 200 ಎಂಎಂನಲ್ಲಿ ಎಫ್/2.8 ಎಂದರೆ ಸುಮಾರು 71 ಮಿಲಿಮೀಟರ್, ಎಫ್/4 ಎಂದರೆ 50, ಎಫ್/5.6 ಎಂದರೆ 36. ಸಂಖ್ಯೆ ಸಣ್ಣದಾದಷ್ಟೂ ಕಂಡಿ ದೊಡ್ಡದು. 71 ಮಿಲಿಮೀಟರ್ ಕಂಡಿಗೆ ಅಷ್ಟೇ ದೊಡ್ಡ ಗಾಜು ಬೇಕು. ಎಫ್/2.8 ಲೆನ್ಸ್ ಒಂದೂವರೆ ಕಿಲೋ ತೂಗುವುದೂ ಎಫ್/4 ಅದರ ಅರ್ಧಕ್ಕೆ ಇಳಿಯುವುದೂ ಇದೇ ಕಾರಣಕ್ಕೆ.

ಎಫ್/4ರಿಂದ ಎಫ್/2.8ಕ್ಕೆ ಹೋದರೆ ಬೆಳಕು ಎರಡು ಪಟ್ಟು, ಎಫ್/5.6ರಿಂದ ಎಫ್/2.8ಕ್ಕೆ ನಾಲ್ಕು ಪಟ್ಟು. ರಂಗಸ್ಥಳದಲ್ಲಿ ಇದು ಏನು ಮಾಡುತ್ತದೆ ನೋಡಿ. ಬಯಲಾಟದ ದೀಪದ ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಇಟ್ಟು, ಎಫ್/2.8ರಲ್ಲಿ ಸೆಕೆಂಡಿನ 250ನೇ ಒಂದು ಭಾಗದ ಶಟರ್, ಎಂದರೆ ಬೆಳಕು ಒಳಬಿಡುವ ಹೊತ್ತು, ಸಿಗುತ್ತದೆ ಎಂದುಕೊಳ್ಳಿ. ಅದೇ ಜಾಗದಲ್ಲಿ ಎಫ್/4 ಲೆನ್ಸಿಗೆ ಸಿಗುವುದು 1/125, ಎಫ್/5.6 ಲೆನ್ಸಿಗೆ 1/60. ಅರ್ಥ ಹೇಳುತ್ತ ನಿಂತ ವೇಷಕ್ಕೆ 1/125 ಸಾಕು. ಆದರೆ ತೆಂಕುತಿಟ್ಟಿನ ಪುಂಡುವೇಷ ತಿರುಗುತ್ತ ಹಾರುವ ಧೀಂಗಿಣ ತೆಗೆಯುವಾಗ 1/500 ಇಲ್ಲದಿದ್ದರೆ ಕೈಕಾಲು ಕಲಸಿಹೋಗುತ್ತದೆ. ಎಫ್/2.8ರಲ್ಲಿ ಅದಕ್ಕೆ ಐಎಸ್‌ಒ 6400 ಸಾಕು, ಎಫ್/5.6ರಲ್ಲಿ 25600 ಬೇಕು. ಸಾಮಾನ್ಯ ಕ್ಯಾಮೆರಾಗಳಲ್ಲಿ 25600 ಎಂದರೆ ಮುಖವರ್ಣಿಕೆಯ ಗೆರೆಗಳೆಲ್ಲ ಕಾಳುಕಾಳಾಗಿ ಕರಗಿಹೋಗುತ್ತವೆ.

ಅಗಲ ಕಂಡಿಗೆ ಬೆಲೆಯೂ ಇದೆ. ಸ್ಪಷ್ಟವಾಗಿ ಕಾಣುವ ಪದರ ತೆಳ್ಳಗಾಗುತ್ತದೆ. ದೊಡ್ಡ ಸೆನ್ಸರಿನ, ಫುಲ್ ಫ್ರೇಮ್ ಎನ್ನುವ ಕ್ಯಾಮೆರಾದಲ್ಲಿ 200 ಎಂಎಂ, ಎಫ್/2.8 ಇಟ್ಟು 8 ಮೀಟರ್ ದೂರದ ವೇಷಕ್ಕೆ ಫೋಕಸ್ ಮಾಡಿದರೆ ಸ್ಪಷ್ಟ ಭಾಗದ ಆಳ ಸುಮಾರು 27 ಸೆಂಟಿಮೀಟರ್. 5 ಮೀಟರಿಗೆ ಬಂದರೆ ಅದು 10 ಸೆಂಟಿಮೀಟರಿಗೆ ಇಳಿಯುತ್ತದೆ. ವೇಷ ಒಂದು ಹೆಜ್ಜೆ ಮುಂದೆ ಬಂದರೂ ಕಣ್ಣು ಮಸುಕು. ಆದ್ದರಿಂದ ಎಫ್/2.8 ಕೊಂಡವರು ಫೋಕಸ್ ಬಿಂದುವನ್ನು ಕಣ್ಣಿನ ಮೇಲಿಟ್ಟು, ಕ್ಯಾಮೆರಾವನ್ನು ನಿರಂತರ ಫೋಕಸ್‌ನಲ್ಲಿ ಇಡಲೇಬೇಕು. ಕ್ಯಾನನ್‌ನಲ್ಲಿ ಅದು ಎಐ ಸರ್ವೋ, ನಿಕಾನ್‌ನಲ್ಲಿ ಎಎಫ್-ಸಿ.

ಶಟರ್ ವೇಗದ ಬಗ್ಗೆ ಇನ್ನೊಂದು ಮಾತು. ಮಿನುಗುವ ಎಲ್‌ಇಡಿ ದೀಪಗಳೂ ಟ್ಯೂಬ್‌ಲೈಟುಗಳೂ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. 1/500ರಲ್ಲಿ ತೆಗೆದ ಚಿತ್ರದಲ್ಲಿ ಅಡ್ಡಪಟ್ಟೆ ಬಂದರೆ ಲೆನ್ಸನ್ನು ದೂರಬೇಡಿ. ಕ್ಯಾಮೆರಾದಲ್ಲಿ ಆಂಟಿ-ಫ್ಲಿಕರ್ ಇದ್ದರೆ ಹಾಕಿ, ಇಲ್ಲದಿದ್ದರೆ ನಿಧಾನದ ದೃಶ್ಯಗಳಿಗೆ 1/100ಕ್ಕೆ ಇಳಿಯಿರಿ.

ಐಎಸ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಲೆನ್ಸ್ ಉದ್ದವಾದಷ್ಟೂ ಕೈಯ ನಡುಕ ಹೆಚ್ಚಾಗಿ ಕಾಣುತ್ತದೆ. 200 ಎಂಎಂಗೆ ಶಟರ್ 1/200ಕ್ಕಿಂತ ನಿಧಾನ ಇರಬಾರದು ಎಂಬುದು ಹಳೆಯ ಲೆಕ್ಕ. ಸಣ್ಣ ಸೆನ್ಸರಿನ, ಎಪಿಎಸ್-ಸಿ ಎನ್ನುವ ಕ್ಯಾಮೆರಾಗಳಲ್ಲಿ ನೋಟ ಇನ್ನಷ್ಟು ಕಿರಿದಾಗುವುದರಿಂದ ಕ್ಯಾನನ್‌ಗೆ 1.6ರಿಂದ, ನಿಕಾನ್‌ಗೆ 1.5ರಿಂದ ಗುಣಿಸಬೇಕು; ಎಂದರೆ 1/320, 1/300. ಐಎಸ್ ಇರುವ ಲೆನ್ಸಿನೊಳಗೆ ಗಾಜಿನ ಒಂದು ಗುಂಪು ಕೈ ಅಲುಗಿದ ದಿಕ್ಕಿಗೆ ತಕ್ಕಂತೆ ಸರಿದು ಬಿಂಬವನ್ನು ಹಿಡಿದು ನಿಲ್ಲಿಸುತ್ತದೆ. "ನಾಲ್ಕು ಸ್ಟಾಪ್" ಐಎಸ್ ಎಂದರೆ 1/320 ಬೇಕಾದಲ್ಲಿ 1/20 ಸಾಕು ಎಂಬ ಹೇಳಿಕೆ; ಒಂದೊಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು.

ಆದರೆ ಅದು ನಿಲ್ಲಿಸುವುದು ನಿಮ್ಮ ಕೈಯನ್ನು ಮಾತ್ರ. ಎದುರಿನ ವೇಷವನ್ನು ನಿಲ್ಲಿಸುವುದಿಲ್ಲ, ಓಡುವ ಕೋಣವನ್ನೂ ನಿಲ್ಲಿಸುವುದಿಲ್ಲ. "ಐಎಸ್ ಇದೆಯಲ್ಲ, ಎಫ್/4 ಸಾಕು" ಎಂದು ಆಟದ ಫೋಟೋಕ್ಕೆ ಹೊರಟವರಿಗೆ ಹಿಂದಿನ ಪರದೆಯಷ್ಟೂ ಸ್ಪಷ್ಟ, ವೇಷ ಮಾತ್ರ ಮಂಜು ಎಂಬಂಥ ಚಿತ್ರ ಸಿಗುವುದು ಇದರಿಂದಲೇ. ಚಲಿಸುವುದನ್ನು ಹಿಡಿಯಲು ಶಟರ್ ವೇಗ ಬೇಕು, ಆ ವೇಗ ಬರುವುದು ಅಪರ್ಚರ್ ಮತ್ತು ಐಎಸ್‌ಒಗಳಿಂದ. ಹೀಗಾಗಿ ರಾತ್ರಿ ಆಟ, ಕೋಲವೇ ಮುಖ್ಯ ಎನ್ನುವವರು ಹಣ ಕಡಿಮೆಯಿದ್ದರೆ ಐಎಸ್ ಇಲ್ಲದ ಎಫ್/2.8 ಕೊಳ್ಳುವುದು, ಐಎಸ್ ಇರುವ ಎಫ್/4 ಕೊಳ್ಳುವುದಕ್ಕಿಂತ ಒಳ್ಳೆಯದು. ಶಟರನ್ನು ಹೇಗೂ 1/250ರ ಮೇಲೇ ಇಡುತ್ತೀರಿ, ಅಲ್ಲಿ ಐಎಸ್‌ಗೆ ಕೆಲಸ ಕಡಿಮೆ.

ಹಗಲಿನ ಕೆಲಸಕ್ಕೆ ಇದೇ ಮಾತು ತಿರುವುಮುರುವು. ಬೇಕಲ ಕೋಟೆ, ಅನಂತಪುರದ ಕೆರೆ, ರಾಣಿಪುರದ ಹುಲ್ಲುಗುಡ್ಡ, ಮನೆಯ ಕಾರ್ಯಕ್ರಮ, ಇವಕ್ಕೆಲ್ಲ ಎಫ್/4 ಐಎಸ್ ಸಾಕುಬೇಕಾದಷ್ಟಾಯಿತು. ದಿನವಿಡೀ ಕುತ್ತಿಗೆಗೆ ಹಾಕಿಕೊಂಡರೂ ನೋವಾಗದು.

ಕಂಬಳದಲ್ಲಿ ಐಎಸ್‌ಗೆ ಬೇರೆ ಉಪಯೋಗವಿದೆ. 70-200 ಐಎಸ್ ಲೆನ್ಸುಗಳ ಮೇಲೆ ಮೋಡ್ 1, ಮೋಡ್ 2 ಎಂಬ ಗುಂಡಿ ಇರುತ್ತದೆ. ಮೋಡ್ 2ರಲ್ಲಿ ಲೆನ್ಸು ಮೇಲೆ-ಕೆಳಗಿನ ನಡುಕವನ್ನಷ್ಟೇ ತಡೆದು, ಅಡ್ಡಕ್ಕೆ ತಿರುಗುವುದನ್ನು ಬಿಟ್ಟುಬಿಡುತ್ತದೆ. ಕೋಣ ಓಡುವ ಕರೆಯ ಬದಿಯಲ್ಲಿ ನಿಂತು, 1/60 ಇಟ್ಟು, ಕೋಣಗಳ ಜತೆಜತೆಗೇ ಕ್ಯಾಮೆರಾ ತಿರುಗಿಸುತ್ತ ಕ್ಲಿಕ್ಕಿಸಿದರೆ ಕೋಣದ ತಲೆ ಸ್ಪಷ್ಟ, ಹಿಂದಿನ ಜನ ಗೆರೆಗೆರೆ. ಮೋಡ್ 1ರಲ್ಲೇ ಬಿಟ್ಟು ಹೀಗೆ ತಿರುಗಿಸಿದರೆ ಐಎಸ್ ನಿಮ್ಮ ತಿರುಗಾಟದ ಮೇಲೇ ಜಗ್ಗಾಡುತ್ತದೆ.

ಕ್ಯಾನನ್ 70-200: ಯಾವ ವರ್ಷ, ಏನು ಬದಲಾಯಿತು

ಎಫ್/2.8 ಸಾಲಿನಲ್ಲಿ ಮೊದಲನೆಯದು 1995ರದ್ದು: ಐಎಸ್ ಇಲ್ಲ, 1310 ಗ್ರಾಂ, ಚಿತ್ರ ಇಂದಿಗೂ ಚೊಕ್ಕ. ನೀರು-ಧೂಳು ತಡೆಯುವ ಸೀಲ್ ಇಲ್ಲ. 2001ರಲ್ಲಿ ಐಎಸ್ ಬಂತು, ಸೀಲೂ ಬಂತು; ನಡುಕ ತಡೆ ಮೂರು ಸ್ಟಾಪ್. 2010ರ ಐಎಸ್ 2ರಲ್ಲಿ ಒಳಗಿನ ಗಾಜಿನ ರಚನೆಯನ್ನೇ ಹೊಸದಾಗಿ ಮಾಡಿದರು. ನಡುಕ ತಡೆ ನಾಲ್ಕು ಸ್ಟಾಪಿಗೆ ಏರಿತು, ಹತ್ತಿರದ ಫೋಕಸ್ 1.4 ಮೀಟರಿನಿಂದ 1.2ಕ್ಕೆ ಇಳಿಯಿತು, ಕಂಡಿ ಪೂರ್ತಿ ತೆರೆದಾಗಲೂ ಚಿತ್ರ ಹರಿತವಾಯಿತು. ಇಡೀ ಸಾಲಿನಲ್ಲಿ ದೊಡ್ಡ ನೆಗೆತ ಇದೇ.

2018ರ ಐಎಸ್ 3ರಲ್ಲಿ ಗಾಜಿನ ರಚನೆ 2ರದ್ದೇ. ಬದಲಾದದ್ದು ಮುಖ್ಯವಾಗಿ ಲೇಪನ: ಎದುರು ಬೆಳಕಿನ ಮಸುಕನ್ನು ಕಡಿಮೆ ಮಾಡುವ ಒಂದು, ನೀರು-ಎಣ್ಣೆ ಅಂಟದಂತೆ ಮುಂದಿನ ಹಿಂದಿನ ಗಾಜಿಗೆ ಇನ್ನೊಂದು. ಸೂಟೆ ಹಿಡಿದ ತೆಯ್ಯಂ, ಒತ್ತೆಕೋಲದ ಕೆಂಡ, ಇಂಥ ಉರಿಯನ್ನೇ ಎದುರಿಟ್ಟುಕೊಂಡು ತೆಗೆಯುವವರಿಗೆ ಆ ಲೇಪನದಿಂದ ಸ್ವಲ್ಪ ಲಾಭ ಉಂಟು. ಉಳಿದವರು 2ಕ್ಕೂ 3ಕ್ಕೂ ಇರುವ ಬೆಲೆಯ ಅಂತರವನ್ನು ಕೊಡಬೇಕಾಗಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಟ್ಟ ಹಣಕ್ಕೆ ಹೆಚ್ಚು ಬೆಲೆ ಬಾಳುವುದು ಐಎಸ್ 2.

ಎಫ್/4 ಸಾಲು ಚಿಕ್ಕದು. 1999ರದ್ದು 705 ಗ್ರಾಂ, ಐಎಸ್ ಇಲ್ಲ, ಸೀಲ್ ಇಲ್ಲ, ಬೆಲೆ ಎಲ್ಲಕ್ಕಿಂತ ಕಡಿಮೆ. 2006ರದ್ದರಲ್ಲಿ ಎರಡೂ ಇವೆ, 760 ಗ್ರಾಂ. 2018ರ ಐಎಸ್ 2ರಲ್ಲಿ ನಡುಕ ತಡೆ ಐದು ಸ್ಟಾಪ್, ಹತ್ತಿರದ ಫೋಕಸ್ 1 ಮೀಟರ್, ಫಿಲ್ಟರಿನ ಅಳತೆ 67ರಿಂದ 72 ಎಂಎಂಗೆ ಬದಲು. ಹಳೆಯ ಫಿಲ್ಟರ್ ಹೊಸದಕ್ಕೆ ಕೂರುವುದಿಲ್ಲ ಎಂಬುದು ಪೆಟ್ಟಿಗೆ ಬಿಚ್ಚಿದ ಮೇಲೆ ಗೊತ್ತಾಗುವ ಸಂಗತಿ. ಎಫ್/4 ಲೆನ್ಸುಗಳ ಜತೆ ಟ್ರೈಪಾಡಿಗೆ ಕಟ್ಟುವ ಕಾಲರ್ ಬರುವುದಿಲ್ಲ, ಬೇರೆ ಕೊಳ್ಳಬೇಕು. ಎಫ್/2.8ರಲ್ಲಿ ಜತೆಗೇ ಬರುತ್ತದೆ. ಹಳೆಯದು ಕೊಳ್ಳುವಾಗ ಕಾಲರ್ ಇದೆಯೋ ನೋಡಿಕೊಳ್ಳಿ.

ಮಿರರ್‌ಲೆಸ್‌ಗೆ ಹೋದರೆ ಈ ಲೆನ್ಸುಗಳು ವ್ಯರ್ಥವಾಗುವುದಿಲ್ಲ. ಕ್ಯಾನನ್‌ನ ಇಎಫ್-ಇಒಎಸ್ ಆರ್ ಅಡಾಪ್ಟರಿನಲ್ಲಿ ಆಟೋಫೋಕಸ್, ಐಎಸ್ ಎರಡೂ ನಡೆಯುತ್ತವೆ. ಹೊಸ ಆರ್‌ಎಫ್ ಸಾಲಿನಲ್ಲೂ ಆವೃತ್ತಿಯ ಗೊಂದಲ ಇದೆ: 2019ರ ಆರ್‌ಎಫ್ 70-200 ಎಫ್/2.8 ಗಿಡ್ಡ, 1070 ಗ್ರಾಂ, ಜೂಮ್ ಮಾಡಿದರೆ ಮೂತಿ ಹೊರಗೆ ಚಾಚುತ್ತದೆ, ದೂರವನ್ನು ಇನ್ನಷ್ಟು ಹತ್ತಿರ ಎಳೆಯುವ ಟೆಲಿಕನ್ವರ್ಟರ್ ಹಾಕಲು ಬರುವುದಿಲ್ಲ. 2024ರಲ್ಲಿ ಹೆಸರಿನ ಕೊನೆಗೆ "ಝಡ್" ಸೇರಿಕೊಂಡು ಬಂದದ್ದು ಚಾಚುವುದಿಲ್ಲ, ಟೆಲಿಕನ್ವರ್ಟರ್ ಒಪ್ಪುತ್ತದೆ. 1.4 ಪಟ್ಟಿನ ಟೆಲಿಕನ್ವರ್ಟರ್ ಒಂದು ಸ್ಟಾಪ್ ಬೆಳಕನ್ನೂ 2 ಪಟ್ಟಿನದು ಎರಡು ಸ್ಟಾಪನ್ನೂ ತಿನ್ನುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ನಿಕಾನ್, ಸೋನಿ, ಟ್ಯಾಮ್ರಾನ್

ನಿಕಾನ್‌ನ ಎಫ್/2.8 ವಿಆರ್ ಮೊದಲು ಬಂದದ್ದು 2003ರಲ್ಲಿ. ಎಪಿಎಸ್-ಸಿಯಲ್ಲಿ ಅದು ಸೊಗಸು. ಫುಲ್ ಫ್ರೇಮಿನಲ್ಲಿ ಮೂಲೆಗಳು ಕಪ್ಪಾಗಿ ಸಡಿಲವಾಗುತ್ತವೆ. 2009ರ ವಿಆರ್ 2 ಮೂಲೆಗಳನ್ನು ಸರಿಮಾಡಿತು. ಆದರೆ ತೀರ ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಾಗ 200 ಎಂಎಂ ಎಂದು ತೋರಿಸಿದರೂ ನೋಟ 135ರಷ್ಟು ಅಗಲವಾಗಿಬಿಡುತ್ತದೆ. ಹತ್ತಿರದಿಂದ ಮುಖ ತುಂಬ ತೆಗೆಯುವವರು ಇದನ್ನು ಕೊಳ್ಳುವ ಮುಂಚೆ ಹಾಕಿ ನೋಡಬೇಕು. 2016ರ ಎಫ್‌ಎಲ್ ಮೂರರಲ್ಲೂ ಶ್ರೇಷ್ಠ. ಅದರ ಅಪರ್ಚರ್ ವಿದ್ಯುತ್ತಿನಿಂದ ನಡೆಯುವುದರಿಂದ ಡಿ90, ಡಿ200ರಂಥ ಹಳೆಯ ಕ್ಯಾಮೆರಾ ಬಾಡಿಗಳಲ್ಲಿ ಅದನ್ನು ಹೊಂದಿಸಲಾಗುವುದಿಲ್ಲ. ಜೂಮ್ ಉಂಗುರವೂ ಫೋಕಸ್ ಉಂಗುರವೂ ಜಾಗ ಬದಲಿಸಿಕೊಂಡಿವೆ, ಹಳೆಯ ಕೈಗೆ ಒಗ್ಗಲು ಹೊತ್ತು ಬೇಕು.

ಸೋನಿಯ 2016ರ ಜಿಎಂ 1480 ಗ್ರಾಂ, 2021ರ ಜಿಎಂ 2 ಕೇವಲ 1045. ಇಲ್ಲಿ ಹೊಸದಕ್ಕೆ ಕೊಡುವ ಹಣ ತೂಕದಲ್ಲೇ ಹಿಂದಿರುಗುತ್ತದೆ.

ಟ್ಯಾಮ್ರಾನ್ ಎಫ್/2.8 ಕೇಳುವಾಗ ಸಂಕೇತ ಸಂಖ್ಯೆ ಹಿಡಿದೇ ಕೇಳಿ. ಎ001 2008ರದ್ದು, ವಿಸಿ ಇಲ್ಲ, ಫೋಕಸ್ ನಿಧಾನ. ಆಟದ ರಾತ್ರಿಗೆ ಬೇಡ. ಎ009 2012ರದ್ದು, ವಿಸಿ ಇದೆ. ಎ025 ಎಂಬ ಜಿ2 2017ರದ್ದು, ಕ್ಯಾಮೆರಾ ಕಂಪೆನಿಗಳದ್ದೇ ಲೆನ್ಸುಗಳ ಸಮಕ್ಕೆ ನಿಲ್ಲುತ್ತದೆ.

ಬಜೆಟ್ ಸಣ್ಣದಿದ್ದರೆ

ಎಂಟ್ರಿ ಲೆವೆಲ್ ಕ್ಯಾನನ್ ಇರುವವರಿಗೆ ಸಿಗುವ 55-250ರಲ್ಲಿ ಮೂರು ಬಗೆ: 2007ರ ಐಎಸ್, 2011ರ ಐಎಸ್ 2, 2013ರ ಐಎಸ್ ಎಸ್‌ಟಿಎಂ. ಮೊದಲೆರಡರ ಒಳಗಿನ ಗಾಜು ಒಂದೇ. ಫೋಕಸ್ ಮಾಡುವಾಗ ಮೂತಿ ತಿರುಗುವುದರಿಂದ ಪೋಲರೈಸರ್ ಫಿಲ್ಟರ್ ಹಾಕಿದರೆ ಪದೇ ಪದೇ ಸರಿಮಾಡಬೇಕು. ಎಸ್‌ಟಿಎಂ ಹೊಸ ರಚನೆ, ಹರಿತ, ಸದ್ದಿಲ್ಲದ ಫೋಕಸ್, ತೂಕ 375 ಗ್ರಾಂ. ಮೂರರಲ್ಲಿ ಎಸ್‌ಟಿಎಂ ಬಿಟ್ಟು ಬೇರೆ ಯಾವುದನ್ನೂ ನೋಡಬೇಡಿ.

ನಿಕಾನ್‌ನ ಎಎಫ್-ಪಿ ಡಿಎಕ್ಸ್ 70-300ರಲ್ಲಿ ಎರಡು ಅವಳಿಗಳಿವೆ, ಒಂದಕ್ಕೆ ವಿಆರ್ ಇದೆ, ಇನ್ನೊಂದಕ್ಕೆ ಇಲ್ಲ. ನೋಡಲು ಒಂದೇ ಥರ, ಪಕ್ಕದ ಬರಹದಲ್ಲಿ "ವಿಆರ್" ಎಂದು ಇದೆಯೇ ಎಂದು ಓದಿಯೇ ಹಣ ಕೊಡಿ. 300 ಎಂಎಂನಲ್ಲಿ ವಿಆರ್ ಇಲ್ಲದೆ ಕೈಯಲ್ಲಿ ಹಿಡಿಯುವುದು ಕಷ್ಟ. ಡಿ3100, ಡಿ90, ಡಿ7000 ಇಂಥ ಹಳೆಯ ಬಾಡಿಗಳಿಗೆ ಎಎಫ್-ಪಿ ಹೊಂದುವುದಿಲ್ಲ, ಫೋಕಸ್ಸೇ ಆಗುವುದಿಲ್ಲ.

ಹಕ್ಕಿಗಳಿಗೆ 70-200 ಅಲ್ಲ

ಕಿದೂರಿನ ಕಾಡುಹಕ್ಕಿಗೂ ಕಡಲತೀರದ ಬಿಳಿಹೊಟ್ಟೆಯ ಕಡಲ ಹದ್ದಿಗೂ 200 ಎಂಎಂ ಸಾಲದು. ಅದಕ್ಕೆ 150-600 ಸಾಲು ನೋಡಿ. ಸಿಗ್ಮಾದಲ್ಲಿ ಒಂದೇ ಅಳತೆಗೆ ಎರಡು: ಕಂಟೆಂಪರರಿ 1930 ಗ್ರಾಂ, ಸ್ಪೋರ್ಟ್ಸ್ 2860 ಗ್ರಾಂ. ನಡೆದಾಡಿ ತೆಗೆಯುವವರಿಗೆ ಕಂಟೆಂಪರರಿಯೇ ಸರಿ, ಸ್ಪೋರ್ಟ್ಸ್ ಒಂಟಿಕಾಲಿನ ಮೊನೊಪಾಡ್ ಕೇಳುತ್ತದೆ. ಟ್ಯಾಮ್ರಾನ್‌ನಲ್ಲಿ ಎ011ಕ್ಕಿಂತ 2016ರ ಎ022 ಮೇಲು. ಹತ್ತಿರದ ಫೋಕಸ್ 2.7 ಮೀಟರಿನಿಂದ 2.2ಕ್ಕೆ ಇಳಿದಿದೆ.

ನಮ್ಮ ಮಳೆ, ನಮ್ಮ ಬೂಸ್ಟು

ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುವ ಕಾಸರಗೋಡಿನಲ್ಲಿ ಲೆನ್ಸಿನ ಮೊದಲ ಶತ್ರು ಬೂಸ್ಟು. ಗಾಳಿಯ ತೇವ 70 ಶೇಕಡಾ ದಾಟಿ ದಿನಗಟ್ಟಲೆ ನಿಂತರೆ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆ ಹಬ್ಬುತ್ತದೆ. ಬಹಳ ದಿನ ಬಿಟ್ಟರೆ ಅದು ಲೇಪನವನ್ನೇ ಕೊರೆದು ಕಲೆ ಉಳಿಸುತ್ತದೆ, ಆಮೇಲೆ ಒರೆಸಿದರೂ ಹೋಗದು. ಸೀಲ್ ಇರುವ ಆವೃತ್ತಿ ಕೊಂಡರೂ ಬೂಸ್ಟು ಬರದೆ ಇರದು. ಸೀಲ್ ತಡೆಯುವುದು ಹನಿ ಮತ್ತು ಧೂಳನ್ನು, ಗಾಳಿಯ ತೇವವನ್ನಲ್ಲ. ಕ್ಯಾಮೆರಾಕ್ಕೆ ಸೀಲ್ ಇಲ್ಲದಿದ್ದರೆ ಲೆನ್ಸಿನ ಸೀಲ್ ಅರ್ಧಕ್ಕರ್ಧ ನಿರುಪಯೋಗ.

ಡ್ರೈ ಕ್ಯಾಬಿನೆಟ್ ಇದ್ದರೆ ತೇವವನ್ನು 40ರಿಂದ 50 ಶೇಕಡಾಕ್ಕೆ ಇಡಿ. ಇಲ್ಲದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಸಾಕು. ನೀಲಿ ಜೆಲ್ ಗುಲಾಬಿಯಾದರೆ ಅದರ ಹೀರುವ ಶಕ್ತಿ ಮುಗಿಯಿತು ಎಂದರ್ಥ, ಬಿಸಿಮಾಡಿ ಒಣಗಿಸಿ ಮತ್ತೆ ಹಾಕಬಹುದು. ಮಳೆಗಾಲದ ಆಟಿ ತಿಂಗಳಿಡೀ ಲೆನ್ಸನ್ನು ಬಟ್ಟೆಯ ಬ್ಯಾಗಿನಲ್ಲೇ ಬಿಡುವುದಕ್ಕಿಂತ ಕೆಟ್ಟ ಅಭ್ಯಾಸ ಇಲ್ಲ.

ಉರಿಯ ಮುಂದೆ ಇನ್ನೊಂದು ತೊಂದರೆ. ಮುಂಭಾಗಕ್ಕೆ ಹಾಕಿದ ಯುವಿ ಫಿಲ್ಟರಿನ ಚಪ್ಪಟೆ ಗಾಜಿನಲ್ಲಿ ಸೂಟೆಯ ಉರಿ ಪ್ರತಿಫಲಿಸಿ, ಚಿತ್ರದ ಎದುರು ಮೂಲೆಯಲ್ಲಿ ತಲೆಕೆಳಗಾದ ಇನ್ನೊಂದು ಉರಿ ಕಾಣಿಸುತ್ತದೆ. ಕಿಡಿ ಸಿಡಿಯುವಷ್ಟು ಹತ್ತಿರ ಇಲ್ಲದಿದ್ದರೆ ಫಿಲ್ಟರ್ ತೆಗೆದು ಹುಡ್ ಹಾಕಿ.

ಹಳೆಯದನ್ನು ಕೊಳ್ಳುವಾಗ

ಬಾಡಿಯನ್ನೂ ಒಂದು ಮೊಬೈಲ್ ಟಾರ್ಚನ್ನೂ ಹಿಡಿದುಕೊಂಡೇ ಹೋಗಿ. ಲೆನ್ಸ್ ಬಿಚ್ಚಿ, ಹಿಂದಿನ ತುದಿಗೆ ಟಾರ್ಚ್ ಹಿಡಿದು, ಮುಂದಿನಿಂದ ಓರೆಯಾಗಿ ನೋಡಿ. ಕ್ಯಾನನ್ ಇಎಫ್‌ನಲ್ಲಿ ಕಂಡಿ ತೆರೆದೇ ಇರುತ್ತದೆ. ನಿಕಾನ್‌ನ ಜಿ ಲೆನ್ಸಿನಲ್ಲಿ ಬಿಚ್ಚಿದೊಡನೆ ಮುಚ್ಚಿಕೊಳ್ಳುತ್ತದೆ, ಹಿಂದಿನ ಸಣ್ಣ ಲೀವರನ್ನು ಬೆರಳಿನಿಂದ ತಳ್ಳಿ ಹಿಡಿದೇ ನೋಡಬೇಕು. ಒಂದೆರಡು ಧೂಳಿನ ಕಣ ಇದ್ದರೆ ಏನೂ ಆಗದು. ಎಳೆ ಎಳೆಯಾಗಿ ಕವಲೊಡೆದದ್ದು ಕಂಡರೆ ಬೂಸ್ಟು. ಇಡೀ ಗಾಜು ಹಾಲು ಬೆರೆಸಿದಂತೆ ಮಬ್ಬಾಗಿದ್ದರೆ ಒಳಪದರ ಕೆಟ್ಟಿದೆ. ಎರಡನ್ನೂ ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಡಿ.

ಬಳಿಕ ಕ್ಯಾಮೆರಾಕ್ಕೆ ಹಾಕಿ, ಶಟರ್ ಗುಂಡಿ ಅರ್ಧ ಒತ್ತಿ. ಐಎಸ್ ಶುರುವಾಗುವ ಮೆಲ್ಲನೆಯ ಸದ್ದು ಕೇಳಿ, ವ್ಯೂಫೈಂಡರಿನ ಬಿಂಬ ತೇಲಿದಂತಾಗಿ ನಿಲ್ಲಬೇಕು. ನಿಲ್ಲದೆ ಕುಣಿಯುತ್ತಿದ್ದರೆ ಐಎಸ್ ಘಟಕ ಹೋಗಿದೆ, ರಿಪೇರಿ ದುಬಾರಿ. 20 ವರ್ಷ ಹಳೆಯ ಆವೃತ್ತಿಗಳಿಗೆ ಬಿಡಿಭಾಗ ಸಿಗುವುದೂ ಕಷ್ಟ. ಫೋಕಸ್ ಮೋಟರ್ ಕಿರುಗುಟ್ಟಬಾರದು.

ಹರಿತ ನೋಡಲು ಕೆಂಪುಕಲ್ಲಿನ ಗೋಡೆಗಿಂತ ಒಳ್ಳೆಯ ಪಟ ಬೇಡ, ಅದು ಎಲ್ಲ ಊರಲ್ಲೂ ಇದೆ. ಗಾರೆ ಹಚ್ಚದ ಗೋಡೆಗೆ ನೇರವಾಗಿ ಎದುರು ನಿಂತು, ಕಂಡಿ ಪೂರ್ತಿ ತೆರೆದು, ಶಟರ್ 1/500ರ ಮೇಲಿಟ್ಟು, 70, 135, 200 ಮೂರರಲ್ಲೂ ಒಂದೊಂದು ತೆಗೆಯಿರಿ. ಪರದೆಯಲ್ಲಿ ಹಿಗ್ಗಿಸಿ ಎಡ ಅಂಚಿನ ಕಲ್ಲಿನ ತೂತುಗಳನ್ನು ಬಲ ಅಂಚಿನವುಗಳ ಜತೆ ಹೋಲಿಸಿ. ಎರಡೂ ಬದಿ ಸಮನಾಗಿ ಸ್ವಲ್ಪ ಸಡಿಲವಾಗಿದ್ದರೆ ಅದು ಆ ಆವೃತ್ತಿಯ ಗುಣ. ಒಂದು ಬದಿ ಹರಿತ, ಇನ್ನೊಂದು ಬದಿ ಕಲಸಿದ್ದರೆ ಮತ್ತೊಮ್ಮೆ ನೇರ ನಿಂತು ತೆಗೆದು ನೋಡಿ. ಆಗಲೂ ಹಾಗೇ ಬಂದರೆ ಒಳಗಿನ ಗಾಜು ಓರೆಯಾಗಿದೆ, ಲೆನ್ಸು ಎಂದೋ ಬಿದ್ದಿರಬಹುದು. ಮೌಂಟಿನ ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಎಂಬುದಕ್ಕೆ ಅದೂ ಸಾಕ್ಷಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಲೆನ್ಸಿನ ಮೇಲಿನ ನಂಬರಿಗೆ ತಾಳೆ ನೋಡಿ, ಆಮೇಲೆ ಹಣ ಕೊಡಿ.